ಒದ್ದೆ ಬಟ್ಟೆಗೆ ಅಳಿಸಿಹೋದ ನಮ್ಮ ಮನೆ

ಊರಿನ ಮುಂದಿನ ಇಪ್ಪತ್ತು ವರ್ಷಗಳನ್ನು ಮೈಮೇಲೆ ಹೊತ್ತು ಕಚೇರಿಯ ಗೋಡೆಯಲ್ಲಿ ನೇತಾಡುತ್ತಿರುವ, ಮಡಿಕೆ ಬಿದ್ದರೂ ಮರ್ಯಾದೆ ಬಿಡದ, ಮಾನ್ಯ ಭೂಬಳಕೆ ನಕ್ಷೆಯವರೇ,

ಕೊಟ್ಟೂರಿನ ಹಿಟ್ಟಿನ ಗಿರಣಿಯ ಗುರುಶಾಂತ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ನೆತ್ತಿಯ ಮೇಲೊಂದು ಫ್ಯಾನು ತಿರುಗುತ್ತಿರುತ್ತದೆ. ನಾವೂ ಎರಡು ಕೋಣೆಗಳಲ್ಲಿ ಒಂಬತ್ತು ಜನ ಕ್ಷೇಮವಾಗಿದ್ದೇವೆ, ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕೆಂಬುದನ್ನು ಬಿಟ್ಟರೆ.

ತಮ್ಮಲ್ಲಿ ಹಳದಿ ಇದ್ದ ಕಡೆ ಮನೆ ಕಟ್ಟಬಹುದು, ಹಸಿರು ಇದ್ದ ಕಡೆ ಉದ್ಯಾನವೇ ಆಗಬೇಕು ಎಂಬುದನ್ನು ಈಗ ನಮ್ಮ ಮನೆಯ ಬೆಕ್ಕೂ ಬಲ್ಲದು. ಹೊಸ ಮನೆಗೆ ಪಾಯ ಬಿದ್ದ ಮೇಲೆಯೇ ನನ್ನ ತಮ್ಮ ಗವಿಸಿದ್ದೇಶನಿಗೆ ಮಗಳು ಅರ್ಚನಾಳನ್ನು ಕೊಡುವುದಾಗಿ ಹಡಗಲಿಯ ಪಂಚಾಕ್ಷರಪ್ಪನವರು ಷರತ್ತು ಹಾಕಿದ್ದರಿಂದ, ಆಯುಧ ಪೂಜೆಯ ರಜೆ ಮುಗಿದ ಬೆಳಿಗ್ಗೆಯೇ ತಮ್ಮ ದರ್ಶನಕ್ಕೆ ಓಡಿಬಂದೆ. ಊರಾಚೆಯ ನಮ್ಮ ಮೂವತ್ತು-ನಲವತ್ತರ ಸೈಟಿನ ಮೇಲೆ ದಟ್ಟ ಹಳದಿ! ಕಣ್ಣು ತುಂಬಿ ಬಂತು. ಸುದ್ದಿ ಹೇಳಿದ್ದೇ ತಡ, ಅವ್ವ ಗುರುಬಸಮ್ಮ "ಹಳದಿ ಬಂದೈತಿ ಅಂದ್ರ ಲಕ್ಷ್ಮೀನ ಬಂದಂಗ, ಗುದ್ದಲಿ ತಗಿಯೋ" ಎಂದಳು.

ತಮ್ಮ ಬಗ್ಗೆ ಆಕ್ಷೇಪಣೆ ಇದ್ದರೆ ಸಲ್ಲಿಸಲೆಂದು ಕಚೇರಿಯವರು ಕೊಟ್ಟ ಮೂವತ್ತು ದಿನಗಳನ್ನು ನಾವು ಓಣಿಗೆಲ್ಲ ಮಂಡಕ್ಕಿ-ಮಿರ್ಚಿ ಹಂಚುವುದರಲ್ಲಿ ಕಳೆದೆವು. ತಮಗೂ ಒಂದು ಅಭಿನಂದನಾ ಪತ್ರ ಬರೆದು ಮುದ್ರೆ ಹಾಕಿಸಿಕೊಂಡೆ. ಪಾಯ ಮೊಣಕಾಲಿನ ಆಳಕ್ಕೆ ಇಳಿದಾಗ ನೋಟಿಸು ಬಂತು: ಇದು ಉದ್ಯಾನ, ಗುಂಡಿ ಮುಚ್ಚಿ. ಓಡಿಬಂದು ನೋಡಿದರೆ ನಮ್ಮ ಸೈಟಿದ್ದ ಕಡೆ ತಾವು ಹಸಿರಾಗಿದ್ದಿರಿ. ಹಬ್ಬದ ದಿನ ಕಂಪ್ಯೂಟರಿಗೆ, ಪ್ರಿಂಟರಿಗೆ, ಬೀರುವಿಗೆ ಅರಿಶಿನ ಹಚ್ಚಿದ ಸಿಬ್ಬಂದಿ ಭಕ್ತಿಯಿಂದ ತಮಗೂ ಅದೇ ಜಾಗದಲ್ಲಿ ಒಂದಿಷ್ಟು ಬಳಿದಿದ್ದರಂತೆ. ಆಮೇಲೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದರಂತೆ. ಗುಮಾಸ್ತರು ನನ್ನ ಅಭಿನಂದನಾ ಪತ್ರವನ್ನೇ ಹಿಡಿದು, "ನೀವ ಒಪ್ಪಿಗಿ ಬರ್ದು ಕೊಟ್ಟೀರಲ್ರಿ" ಎಂದರು. ಸಿಟ್ಟು ನೆತ್ತಿಗೇರಿತು, ಸುಳ್ಳು ಹೇಳಲಾರೆ. ಆದರೆ ಅಕ್ಷರ ಅಷ್ಟು ದುಂಡಗಿತ್ತು, ನನ್ನದಲ್ಲವೆನ್ನಲು ಮನಸ್ಸು ಬರಲಿಲ್ಲ.

ತಮ್ಮ ದೂರದೃಷ್ಟಿಗೆ ಶರಣು. ನಿಜವಾದ ಹಳದಿಯನ್ನೆಲ್ಲ ನೀರಿಲ್ಲದ, ದಾರಿಯಿಲ್ಲದ, ಕರಡಿ ಓಡಾಡುವ ಗುಡ್ಡದ ಬದಿಗೇ ಬಳಿದಿದ್ದೀರಿ. ಮುಂದೆ ಹುಟ್ಟುವವರ ಧೈರ್ಯದ ಮೇಲೆ ತಮಗೆಷ್ಟು ನಂಬಿಕೆ! ಹೇಗೂ ಮೊದಲಿಂದ ಅಲ್ಲೇ ವಾಸವಿರುವ ಕರಡಿಗಳಿಗೆ ಖಾತೆ ಮಾಡಿಕೊಡಬೇಕೆಂದು ಕೋರುತ್ತೇನೆ. ನಮ್ಮ ಒಂಬತ್ತು ಜನರನ್ನು ತಮ್ಮ ಅಳತೆಗೆ ತಕ್ಕಂತೆ ಸಾಸಿವೆಯಷ್ಟು ಮಾಡಿಕೊಟ್ಟರೆ, ತಮ್ಮ ಮೇಲೆಯೇ ಯಾವುದಾದರೂ ಹಳದಿ ಮೂಲೆಯಲ್ಲಿ ಇದ್ದುಬಿಡುತ್ತೇವೆ. ಫ್ಯಾನನ್ನು ಮಾತ್ರ ನಿಧಾನವಾಗಿ ತಿರುಗಿಸಬೇಕು.

ಮಗಳೊಂದಿಗೆ ಸೈಟಿಗೇ ಬಂದು ನೋಟಿಸು ಓದಿದ ಪಂಚಾಕ್ಷರಪ್ಪನವರು ಸಂಬಂಧ ಮುರಿಯಿತೆಂದು ಟವೆಲ್ಲು ಕೊಡವಿ ಎದ್ದಿದ್ದರು. ಆಗ ಅರ್ಚನಾ ಗುಂಡಿಯ ಅಂಚಿಗೆ ನಿಂತು, "ಉದ್ಯಾನ ಅಂದ್ರ ಎಲ್ಲಾರ ಜಾಗ ಹೌದಿಲ್ಲಪ್ಪ? ಮದುವಿ ಇಲ್ಲೇ ಮಾಡ್ರಿ. ಪಾಯ ಹೆಂಗೂ ಬಿದ್ದೈತಿ" ಎಂದಳು. ಪಾಯ ಬೀಳಲಿ ಎಂದಿದ್ದರೇ ಹೊರತು ಮನೆ ಏಳಲಿ ಎಂದು ಅವರು ಹೇಳಿರಲಿಲ್ಲವಾದ್ದರಿಂದ, ಸ್ವಲ್ಪ ಯೋಚಿಸಿ ಮತ್ತೆ ಕುಳಿತರು. ನಾನು ಖುಷಿಗೆ ಆ ಗುಂಡಿಯೊಳಗೇ ಕುಣಿದೆ. ಇನ್ನು ಮೇಲೆ ನಾವು ಹತ್ತು ಜನ, ಕೋಣೆ ಎರಡೇ.

ಮಗ್ಗುಲು ಬದಲಿಸಲು ಜಾಗಕ್ಕಾಗಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಗುರುಶಾಂತ

ಮರೆತ ಮಾತು: ಅರಿಶಿನ ಹಚ್ಚುವ ಶಾಸ್ತ್ರ ಮುಗಿದೊಡನೆ ಮದುಮಗಳು ತಮ್ಮನ್ನು ಮುಟ್ಟಿ ಆಶೀರ್ವಾದ ಪಡೆಯಲು ಕಚೇರಿಗೆ ಬರುತ್ತಾಳೆ. ಕೈ ತೊಳೆದಿರುವುದಿಲ್ಲ. ಈ ಸಲದ ಅರಿಶಿನವನ್ನು ಅವ್ವ ಎಣ್ಣೆಯಲ್ಲಿ ಕಲಸಿದ್ದಾಳೆ. ಒದ್ದೆ ಬಟ್ಟೆಗೆ ಹೋಗುವುದಿಲ್ಲ.