ಅದು ಗೂಬೆಯಲ್ಲ, ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಸಾಯುವ ಯೋಚನೆಯೇ ಇಲ್ಲ! ಮುಂದಿನ ನಾಲ್ಕು ಸಾವಿರ ವರ್ಷಗಳಿಗೆ ಬೇಕಾದ ಕಾಗದಪತ್ರಗಳೆಲ್ಲ ಸಿದ್ಧವಾಗಿವೆ. ಲಿಪಿ ಮಾತ್ರ ಈಜಿಪ್ಟಿನದು.

ಕಾಸರಗೋಡಿನ ಈ ಮನುಷ್ಯ ತಿರುವನಂತಪುರದ ಸರ್ಕಾರಿ ಕಚೇರಿಯೊಂದರಲ್ಲಿ ಮಲಯಾಳದ ಆದೇಶಗಳನ್ನು ಕನ್ನಡಕ್ಕೆ ತಿರುಗಿಸುತ್ತಾ ನಿವೃತ್ತರಾದವರು. ಆ ಕನ್ನಡ ಓದಿದವರಿಗೆ, ಅವರು ಕಡೆಗೆ ಚಿತ್ರಲಿಪಿಗೆ ಇಳಿದದ್ದು ಆಶ್ಚರ್ಯವಲ್ಲ! ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡ ಮೇಲೆ, ಅಲ್ಲಿನ ಶ್ರೀಕಾರ್ಯಂ ಬಡಾವಣೆಯ ಮನೆಯಲ್ಲಿ ಕುಳಿತು ಹಠ ಹಿಡಿದು ಹೈರೋಗ್ಲಿಫ್ ಕಲಿತರು.

ಅವರ ಹೆಸರಿನಲ್ಲಿ ‘ಮ’ ಇದೆ. ಆ ಲಿಪಿಯಲ್ಲಿ ‘ಮ’ ಎಂದರೆ ಗೂಬೆಯ ಚಿತ್ರ. ರಾಜರ ಹೆಸರಿನ ಸುತ್ತ ಹಗ್ಗದಂಥದೊಂದು ಸುತ್ತು ಬರೆದರೆ ಆ ಹೆಸರು ಎಂದೆಂದಿಗೂ ಅಳಿಯುವುದಿಲ್ಲವಂತೆ. ಸರಿ, ದೊಡ್ಡಪ್ಪ ಗೂಬೆ ಸಮೇತ ತಮ್ಮ ಹೆಸರನ್ನು ಸುತ್ತಿನೊಳಗೆ ಕೂರಿಸಿ ಗೇಟಿನ ಮೇಲೆ ಬರೆದೇಬಿಟ್ಟರು.

“ಎಂದಿನಾ ಸಾರೇ, ಗೇಟಿಲ್ ಮೂಙ್ಙ?” ಗೇಟಿನಲ್ಲಿ ಗೂಬೆ ಯಾಕೆಂದು ಕೇಳಿದ ಪಕ್ಕದ ಮನೆಯ ಚೇಚಿಗೆ ಗೂಬೆಯೆಂದರೆ ಅಪಶಕುನದ ಭಯ.

“ಅದು ಗೂಬೆಯಲ್ಲ, ನಾನು” ಎಂದರು ದೊಡ್ಡಪ್ಪ. ಚೇಚಿಯ ಭಯ ಇಮ್ಮಡಿಯಾಯಿತು!

ಆಮೇಲೆ ಕೊಡೆ, ಬಕೆಟ್, ಗ್ಯಾಸ್ ಸಿಲಿಂಡರ್ ಮೇಲೂ ಅದೇ ಸುತ್ತು, ಅದೇ ಗೂಬೆ. ಖಾಲಿಯಾದ ಸಿಲಿಂಡರ್ ವಾಪಸು ಹೋಯಿತಲ್ಲ? ಈಗ ಯಾರದೋ ಅಡುಗೆಮನೆಯಲ್ಲಿ ಅವರು ಅಮರರಾಗಿ ಪುಟ್ಟು ಬೇಯಿಸುತ್ತಿದ್ದಾರೆ.

ನಾನು ಕೊಚ್ಚಿಯಲ್ಲಿ ಐಟಿ ಕೆಲಸದವ. ಕೆಲಸಕ್ಕಿಂತ ಹೆಚ್ಚು ಮಾಡುವುದು ಮಿಮಿಕ್ರಿ. (ನನ್ನ ಸ್ವಂತ ಸ್ವರ ಯಾವುದೆಂದು ಅಮ್ಮನಿಗೂ ಮರೆತುಹೋಗಿದೆ.) ನನಗೆ ಅತಿ ಹೆಚ್ಚು ಚಪ್ಪಾಳೆ ತಂದದ್ದು, ದೊಡ್ಡಪ್ಪ ದೊಡ್ಡಮ್ಮನನ್ನು ಕರೆಯುವ ಶೈಲಿ. ಅವರ ಕಾಲದ ಗಂಡಸರು ಹೆಂಡತಿಯ ಹೆಸರು ಹೇಳುವುದುಂಟೇ? ನಲವತ್ತು ವರ್ಷವೂ ಒಡಕು ಕೊಳಲಿನಂಥ ಸ್ವರದಲ್ಲಿ ಬರೀ “ಇದಾ!” ನೀರು ಬೇಕಾದರೂ “ಇದಾ”, ಹಾವು ಕಂಡರೂ “ಇದಾ”!

ಕಳೆದ ತಿಂಗಳು ರೈಲು ಹತ್ತಿ ನನ್ನಲ್ಲಿಗೆ ಬಂದರು. ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಯಿಂದ ಚಪ್ಪಟೆ ಕಲ್ಲೊಂದು ಬೇಕಂತೆ. ಅಂಗಡಿಯವನು ಹಕ್ಕಿಗಳನ್ನು ಕೊರೆದ ಕಲ್ಲು ತೋರಿಸಿ, “ಒರಿಜಿನಲ್ ಈಜಿಪ್ಟ್, ಸಾರೇ” ಎಂದ. ದೊಡ್ಡಪ್ಪ ಕನ್ನಡಕ ಏರಿಸಿದರು.

“ಹಕ್ಕಿಯ ಮುಖ ಯಾವ ಕಡೆಗೋ, ಆ ಕಡೆಯಿಂದ ಓದುವುದು ಕ್ರಮ. ಇವು ಎದುರುಬದುರು ನಿಂತಿವೆ. ಇದು ಬರಹ ಅಲ್ಲ, ಜಗಳ!”

ಕೊನೆಗೆ ಏನೂ ಕೆತ್ತದ ಕರಿಕಲ್ಲು ಕೊಂಡರು. ಹೊತ್ತವನು ನಾನು. ಗೇಟು, ಸಿಲಿಂಡರ್ ಸಾಲದೆ ಇನ್ನು ಕಲ್ಲಿನಲ್ಲೂ ಅಮರರಾಗಬೇಕೇ ಎಂದು ಮೆಟ್ಟಿಲು ಮೆಟ್ಟಿಲಿಗೂ ಅವರದೇ ಸ್ವರದಲ್ಲಿ ನರಳಿದೆ.

ಮೊನ್ನೆ ಶ್ರೀಕಾರ್ಯಂಗೆ ಹೋದಾಗ ಕಲ್ಲು ಊಟದ ಮೇಜಿನ ಮೇಲಿತ್ತು. ಕೆತ್ತನೆ ಮುಗಿದಿತ್ತು. ಸುತ್ತಿನೊಳಗೆ ಒಂದು ಕೊಳ, ಒಂದು ಹದ್ದು, ಒಂದು ಬಾಯಿ, ಒಂದು ಕೈ, ಮತ್ತೆ ಹದ್ದು.

“ಗೂಬೆ ಎಲ್ಲಿ ದೊಡ್ಡಪ್ಪ?”

“ಇದು ನನ್ನದಲ್ಲ ಮಾರಾಯ. ನಿನ್ನ ದೊಡ್ಡಮ್ಮನದ್ದು.” ಕಲ್ಲಿನ ಪುಡಿ ಒರೆಸುತ್ತ ಹೇಳಿದರು: “ಕೆತ್ತಿದ್ರೆ ಸಾಕಾಗುದಿಲ್ಲ. ಯಾರಾದ್ರೂ ಬಾಯಿಬಿಟ್ಟು ಹೆಸರು ಕರೀಬೇಕು. ಕರೆಯುವಷ್ಟು ಕಾಲ ಅವಳು ಇರ್ತಾಳಂತೆ.”

“ಕರೀರಿ ಹಾಗಾದ್ರೆ.”

“ನಲವತ್ತು ವರ್ಷ ಬಾರದ್ದು ಈಗ ಬರ್ತದಾ? ನೀನು ನನ್ನ ಮಿಮಿಕ್ರಿ ಮಾಡ್ತಿಯಂತಲ್ಲ. ಒಮ್ಮೆ ಕರಿ, ನೋಡುವ.”

ಸಿಕ್ಕಿಬಿದ್ದ ಕಳ್ಳನಂತೆ ನಿಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ಒಡಕು ಕೊಳಲಿನ ಸ್ವರದಲ್ಲೇ ಕರೆದೆ: “ಶಾರದಾ!”

“ಛೆ! ನನ್ನದು ಇಷ್ಟು ಕರ್ಕಶವಾ? ಹಾಗಲ್ಲ...” ಎನ್ನುತ್ತ ದೊಡ್ಡಪ್ಪ ಕಲ್ಲಿನ ಮೇಲೆ ಬೆರಳಿಟ್ಟರು. ಅಡುಗೆಮನೆಯ ಕಡೆ ತಿರುಗಿ, ತಾವೇ ಆ ಹೆಸರು ಕರೆದರು.

ಆ ಸ್ವರದ ಮಿಮಿಕ್ರಿಯನ್ನು ಮಾತ್ರ ನಾನು ಇನ್ನೂ ಎಲ್ಲೂ ಮಾಡಿಲ್ಲ.