ಅರವತ್ತು ತುಂಬಿದವರ ಬಸ್ಸು

ಬೆಳಿಗ್ಗೆ ಏಳು ಗಂಟೆಗೆ ಬಂದ ಒಂದು ಫೋನಿನಿಂದ ರಾಚನ ದಿನ ಕೆಟ್ಟಿತು. ಫೋನು ಬಂದದ್ದು ಅವನಿಗಲ್ಲ, ಡ್ರೈವರ್ ಮಣಿಕಂಠನಿಗೆ. ಮಣಿಕಂಠ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಬಂದು ವಿಷಯ ಹೇಳಿದ. ಹತ್ತು ಗಂಟೆಗೆ ರೇವತಿ ಮೇಡಂ ಅನ್ನುವ ಅಧಿಕಾರಿ ಕೆಳಗಿನಿಂದ ಬರುತ್ತಾರೆ. ಬಸ್ಸಿನಲ್ಲಿ ಕೂತವರ ಕಾರ್ಡು ನೋಡುತ್ತಾರೆ. ಹನ್ನೆರಡು ಸೀಟಿನಲ್ಲೂ ಅರವತ್ತು ತುಂಬಿದವರೇ ಇರದಿದ್ದರೆ ಬಸ್ಸು, ಅದರ ಚಾರ್ಜಿಂಗ್ ಕಂಬ ಎರಡೂ ಇವತ್ತೇ ಘಾಟಿ ಇಳಿಯುತ್ತವೆ.

ಘಾಟಿಯ ಕೆಳಗಿನ ತಮಿಳು ನಗರವೊಂದು ವಯಸ್ಸಾದವರಿಗೆಂದು ಏಳು ಬ್ಯಾಟರಿ ಬಸ್ಸು ಕೊಂಡು, ಆರನ್ನು ತಾನಿಟ್ಟುಕೊಂಡು, ಏಳನೆಯದನ್ನು ಉದಾರವಾಗಿ ಬೆಟ್ಟಕ್ಕೆ ಕಳಿಸಿತ್ತು. ಅದು ದಿನಾ ತಿಗನಾರೆಯಿಂದ ತಾಳವಾಡಿಯ ಆಸ್ಪತ್ರೆಗೆ ಹೋಗಿ ಬರುತ್ತಿತ್ತು. ರಾಚ ಅದರ ಉಸ್ತುವಾರಿ. ಬಸ್ಸು ಒರೆಸುವುದು, ಚಾರ್ಜಿಗೆ ಹಾಕುವುದು, ಮುದುಕರನ್ನು ಕೈಹಿಡಿದು ಹತ್ತಿಸುವುದು, ಎಷ್ಟು ಜನ ಹತ್ತಿದರೆಂದು ಪುಸ್ತಕದಲ್ಲಿ ಗೀಟು ಹಾಕುವುದು, ಇಷ್ಟೇ ಕೆಲಸ. ಆರು ತಿಂಗಳಿಂದ ಅವನು ಕಾರ್ಡು ಕೇಳಿದವನೇ ಅಲ್ಲ. ಬಾಯಲ್ಲಿ ಹಲ್ಲಿಲ್ಲದಿದ್ದರೆ ಒಂದು ಗೀಟು.

ಈ ಕೆಲಸಕ್ಕೆ ಮೊದಲು ಅವನು ನಾಲ್ಕು ವರ್ಷ ಮೇಲಿನ ಬೀದಿಯ ರಾಜಶೇಖರನ ಜೋಳದ ಹೊಲ ಕಾಯುತ್ತಿದ್ದ. ಮರದ ಮೇಲೆ ಅಟ್ಟಣೆ, ಕೈಯಲ್ಲಿ ಟಾರ್ಚು, ಕೆಳಗೆ ಆನೆ. ಒಂದು ಸಲ ಒಂಟಿ ಸಲಗ ಬಂದು ಆ ಮರಕ್ಕೇ ಬೆನ್ನು ಉಜ್ಜಿಕೊಂಡು ಹೋಗಿತ್ತು. ಆಮೇಲೆ ರಾಚನಿಗೆ ಮನೆಯಲ್ಲಿ ಹೆಂಡತಿ ಲೋಕೇಶ್ವರಿ ಮಗ್ಗುಲು ಬದಲಿಸಿದರೂ ಎದೆ ಹಾರುತ್ತಿತ್ತು. ಬಸ್ಸಿನ ನೀಲಿ ಅಂಗಿ ಹಾಕಿಕೊಂಡ ಮೇಲೆಯೇ ಅವನು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದು. ಬಸ್ಸು ಹೋದರೆ ಮತ್ತೆ ಅಟ್ಟಣೆಯೇ ಗತಿ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಮೊದಲು ಓಡಿದ್ದು ತನ್ನ ಕೇರಿಗೆ. ದಿನಾ ಬಸ್ಸು ಹತ್ತುವವರೆಲ್ಲ ಅಲ್ಲಿಯವರೇ. ಒಬ್ಬೊಬ್ಬರ ಕಾರ್ಡೂ ಈಸಿಕೊಂಡು ನೋಡಿದ. ಕೇರಿಯಲ್ಲಿ ಅರವತ್ತು ತುಂಬಿದವರು ಒಬ್ಬರೂ ಇರಲಿಲ್ಲ.

ಇದರ ಹಿಂದೆ ಹಳೆಯ ಕತೆಯಿತ್ತು. ಊರಿನ ಶಾಲೆಯಲ್ಲಿ ಕಾರ್ಡು ಮಾಡಿಸಲು ಫೋಟೊ ತೆಗೆದ ವರ್ಷ, ಅರವತ್ತಾದವರಿಗೆ ನೂರು ದಿನದ ಕೂಲಿ ಕೆಲಸ ಕೊಡುವುದಿಲ್ಲವೆಂದು ಯಾರೋ ಪುಕಾರು ಹಬ್ಬಿಸಿದ್ದರು. ಕೇರಿಗೆ ಕೇರಿಯೇ ಒಂದೇ ದಿನದಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದುಕೊಂಡು ಮನೆಗೆ ಬಂದಿತು. ಎಂಬತ್ತು ದಾಟಿದ ಪುಟ್ಟಮಾದಮ್ಮನ ಕಾರ್ಡಿನಲ್ಲಿ ಐವತ್ತನಾಲ್ಕು ಎಂದಿತ್ತು.

"ನನ್ನ ಮಗ ನನಗಿಂತ ಎರಡೊರ್ಸ ದೊಡ್ಡೋನು ಕಣ್ಲಾ ರಾಚ," ಎಂದಳು ಪುಟ್ಟಮಾದಮ್ಮ, ಬೇಸರವೇನೂ ಇಲ್ಲದೆ. "ಕಾರ್ಡ್ನಲ್ಲಿ ಅಂಗೇ ಅದ."

ಬಸ್ಸು ಹೋಗುತ್ತದೆಂದು ಕೇಳಿದಾಗ ಮಾತ್ರ ಅವಳ ಮುಖ ಬಾಡಿತು. ಬಿಪಿ ಮಾತ್ರೆ ಮುಗಿದು ಎರಡು ದಿನವಾಗಿತ್ತು. ನಡೆದು ಹೋಗಲು ಅವಳ ಕಾಲುಗಳು ಯಾವತ್ತೋ ಸೋತಿದ್ದವು.

ಅವಳೇ ದಾರಿಯನ್ನೂ ಹೇಳಿದಳು. ಮೇಲಿನ ಬೀದಿಗೆ ಹೋಗು ಅಂದಳು. ಅಲ್ಲಿ ಅದೇ ವರ್ಷ ಬೇರೆ ಪುಕಾರು ಹಬ್ಬಿತ್ತು, ಅರವತ್ತಾದರೆ ಪೆನ್ಶನ್ ಬರುತ್ತದೆಂದು. ಗಟ್ಟಿಮುಟ್ಟಾದ ಗಂಡಸರೆಲ್ಲ ಹದಿನೈದು ಇಪ್ಪತ್ತು ವರ್ಷ ಸೇರಿಸಿಕೊಂಡಿದ್ದರು. ರಾಜಶೇಖರನಿಗೆ ನಿಜವಾಗಿ ನಲವತ್ತೈದು, ಕಾರ್ಡಿನಲ್ಲಿ ಅರವತ್ತನಾಲ್ಕು. ಬುಲೆಟ್ ಬೈಕಿನಲ್ಲಿ ಹೋಗಿ ಮುದುಕರ ಪೆನ್ಶನ್ ತರುತ್ತಿದ್ದ. ಅಂಥವರು ಆ ಬೀದಿಯಲ್ಲಿ ಸರಿಯಾಗಿ ಹನ್ನೆರಡು ಜನ ಇದ್ದರು.

ರಾಚ ಜಗಲಿಯ ಕೆಳಗೆ ನಿಂತು ಕೈಮುಗಿದ. ರಾಜಶೇಖರ ಹಲ್ಲಿಗೆ ಕಡ್ಡಿ ಹಾಕಿಕೊಂಡು ಎಲ್ಲ ಕೇಳಿದ. ಕೇಳಿ ತಲೆಯಾಡಿಸಿದ.

"ಆ ಮೇಡಂ ಕಣ್ಗ ನಾನು ಬಿದ್ರ ನನ್ನ ಪೆನ್ಸನ್ ಓಯ್ತದ ಕಣ್ಲಾ. ನೀನು ಕೊಟ್ಟಿಯಾ? ಮೊದ್ಲೇ ನೀನು ಕೆಲ್ಸ ಬುಟ್ಟೋದ ಮ್ಯಾಲ ರಾತ್ರಿ ಎಲ್ಲ ನಾನೇ ಒಲದಲ್ಲಿ ಕೂತಿವ್ನಿ."

ಉಳಿದ ಹನ್ನೊಂದು ಜನರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಗಂಟೆ ಎಂಟೂವರೆಯಾಯಿತು. ರಾಚನ ನೀಲಿ ಅಂಗಿಯ ಬೆನ್ನು ಆ ಚಳಿಯಲ್ಲೂ ಒದ್ದೆಯಾಗಿತ್ತು. ಅಷ್ಟರಲ್ಲಿ ಪುಟ್ಟಮಾದಮ್ಮ ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾ, ಅಲ್ಲಿಗೇ ಬಂದಳು. ಬಂದವಳು ರಾಜಶೇಖರನ ಜಗಲಿಯ ಮೇಲೆ ಕೂತೇಬಿಟ್ಟಳು. ಕಾಲ ಬದಲಾಗಿದೆ ಎನ್ನುವುದಕ್ಕಿಂತ ಅವಳ ಕಾಲು ನೋಯುತ್ತಿತ್ತು ಎನ್ನುವುದೇ ಸರಿ.

"ನಿನ್ನ ಒಕ್ಳುಬಳ್ಳಿ ಕುಯ್ದೋಳು ನಾನು ಕಣಪ್ಪ ರಾಜ," ಎಂದಳು ಮೆಲ್ಲಗೆ. "ಅದು ಯಾವೊರ್ಸ, ಯಾವ ತಿಂಗ್ಳು, ಎಲ್ಲ ನೆಪ್ಪದ. ಬಸ್ಸೋದ್ರ ಮೇಡಂ ತಾವ ಓಗಿ ಅದ್ನೇ ಏಳ್ತೀನಿ. ನನಗ ಇನ್ಯಾನ ಕೆಲ್ಸ ಅದ?"

ಕಾರ್ಡಿನ ಲೆಕ್ಕದಲ್ಲಿ ಅವಳು ತನಗಿಂತ ಹತ್ತು ವರ್ಷ ದೊಡ್ಡವನ ಹೆರಿಗೆ ಮಾಡಿಸಿದವಳು. ಆ ಬೀದಿಯ ಹನ್ನೆರಡು ಜನರೂ ಅವಳ ಕೈಯಲ್ಲೇ ಹುಟ್ಟಿದವರು. ರಾಜಶೇಖರ ಹಲ್ಲುಕಡ್ಡಿ ಎಸೆದು, ಅಜ್ಜನ ಕಂಬಳಿ ಎಲ್ಲಿದೆ ಎಂದು ಒಳಗೆ ಕೂಗಿ ಕೇಳಿದ.

ಮುಂದಿನ ಒಂದು ಗಂಟೆ ಮೇಲಿನ ಬೀದಿಯಲ್ಲಿ ಮುಪ್ಪು ಬರಿಸುವ ಕೆಲಸ ಭರದಿಂದ ನಡೆಯಿತು. ಹೆಂಡಂದಿರು ಗಂಡಂದಿರ ತಲೆಗೆ ವಿಭೂತಿ ತಿಕ್ಕಿದರು. ಮೀಸೆಗೆ ಬಣ್ಣ ಹಚ್ಚುವ ಅಭ್ಯಾಸವಿದ್ದ ಒಬ್ಬನಿಗೆ ಎರಡೆರಡು ಸಲ ವಿಭೂತಿ ಬಳಿಯಬೇಕಾಯಿತು. ರಾಚ ಮನೆಮನೆ ತಿರುಗಿ ಹೇಗೆ ಬಾಗಬೇಕು, ಹತ್ತುವಾಗ ಯಾವ ಕಾಲು ಮೊದಲು ಎಳೆಯಬೇಕು ಎಂದು ತೋರಿಸಿಕೊಟ್ಟ. ಆರು ತಿಂಗಳಿಂದ ದಿನಾ ನೋಡಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹತ್ತಕ್ಕೆ ಐದು ನಿಮಿಷ ಇರುವಾಗ ಹನ್ನೆರಡು ಮಂದಿಯನ್ನು ಹೊರಡಿಸಿಕೊಂಡು ಚಾರ್ಜಿಂಗ್ ಕಂಬದ ಹತ್ತಿರ ಬಂದರೆ, ಬಸ್ಸಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಕಂಬಕ್ಕೆ ಪಕ್ಕದ ಹೊಲದ ಕಾಳ ತನ್ನ ಕರೆಂಟು ಬೇಲಿಯ ಬ್ಯಾಟರಿ ಸಿಕ್ಕಿಸಿದ್ದ. ಕಾಳ ಪಕ್ಕದಲ್ಲೇ ಬೀಡಿ ಸೇದುತ್ತಾ ಅದನ್ನು ಕಾಯುತ್ತಿದ್ದ. ರಾಚ ಬಸ್ಸಿನ ಪ್ಲಗ್ಗು ಎತ್ತಿಕೊಂಡು ಧೂಳು ಒರೆಸಿದ.

"ಮುದುಕ್ರು ನಾಳ ಓದ್ರೂ ಆಯ್ತದ," ಎಂದ ಕಾಳ. "ನನ್ನ ಬೇಲಿಗ ಕರೆಂಟಿಲ್ದೆ ಇದ್ರ ಅಂದಿ ಇವತ್ತೇ ಬತ್ತವ."

ಶೇಕಡಾ ಎಷ್ಟು ಚಾರ್ಜಿದೆ ಎಂದು ಮಣಿಕಂಠನನ್ನು ಕೇಳಿದರೆ, ಅವನು ಕೈಬೆರಳು ತೋರಿಸಿದ. ಎಲ್ಲ ಬೆರಳೂ ಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಮೇಡಂ ಜೀಪು ಬಂದಾಗಿತ್ತು.

ರೇವತಿ ಮೇಡಂ ಸಣ್ಣ ಆಳು, ದೊಡ್ಡ ಕನ್ನಡಕ. ತಮಿಳಿನಲ್ಲಿ ಸಮಾಧಾನವಾಗಿಯೇ ಮಾತಾಡಿದರು. ರಾಚನ ತಮಿಳು ಸಂತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಹೆದರಿದಾಗ ಅದೆಲ್ಲ ಕನ್ನಡವಾಗಿಬಿಡುತ್ತಿತ್ತು. ಅವನು ಸುಮ್ಮನೆ ತಲೆಯಾಡಿಸುತ್ತಾ ಬಂದ. ಮೇಡಂ ಬಸ್ಸು ಹತ್ತಿ ಕಾರ್ಡು ನೋಡಿದರು. ಅರವತ್ತೊಂದು, ಅರವತ್ತಮೂರು, ಅರವತ್ತೈದು. ರಾಜಶೇಖರ ಕಂಬಳಿಯೊಳಗಿಂದ ಎಷ್ಟು ಜೋರಾಗಿ ಕೆಮ್ಮಿದನೆಂದರೆ ಅವರು ಅವನ ಕಾರ್ಡನ್ನು ದೂರದಿಂದಲೇ ಓದಿ ಮುಂದೆ ಹೋದರು. ಹನ್ನೆರಡಕ್ಕೆ ಹನ್ನೆರಡೂ ಸರಿಯಿತ್ತು. ರಾಚನ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಅರ್ಧ ಹೊರಬಂತು.

ಅರ್ಧ ಮಾತ್ರ. ಏಕೆಂದರೆ ಬಾಗಿಲ ಬಳಿ ಪುಟ್ಟಮಾದಮ್ಮ ಮತ್ತು ಕೇರಿಯ ಇನ್ನೂ ಮೂವರು ಮುದುಕಿಯರು ಕಂಬಿ ಹಿಡಿದು ನಿಂತಿದ್ದರು. ಇವತ್ತು ಬರಬೇಡಿ ಎಂದು ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಮಾತ್ರೆ ಕೊಡುವ ದಿನ ಇವತ್ತೇ. ಮೇಡಂ ಪುಟ್ಟಮಾದಮ್ಮನನ್ನು ನೋಡಿದರು, ಕಾರ್ಡು ನೋಡಿದರು, ಮತ್ತೆ ಪುಟ್ಟಮಾದಮ್ಮನನ್ನು ನೋಡಿದರು. ಐವತ್ತನಾಲ್ಕಕ್ಕೇ ಹೀಗಾಗಿದ್ದೀಯಾ ತಾಯಿ ಎಂದು ಮರುಗಿದರು. ಆದರೆ ಸೀಟು ಹಿರಿಯರಿಗೆ, ನೀವು ನಿಂತೇ ಬರಬೇಕು ಎಂದರು. ರಾಜಶೇಖರ ಕಿಟಕಿಯ ಕಡೆ ಮುಖ ಮಾಡಿದ. ರಾಚನಿಗೆ ನಾಚಿಕೆಯಾಯಿತು. ಮುದುಕಿಯ ಮೊಣಕೈಗೆ ತನ್ನ ಕೈ ಆನಿಸಿ ಹಿಡಿದುಕೊಂಡು ನಿಂತ.

ಮೇಡಂ ಜೀಪನ್ನು ಮುಂದೆ ಕಳಿಸಿ ಬಸ್ಸಿನಲ್ಲೇ ಉಳಿದರು, ಬಸ್ಸು ಹೊರಟಿತು. ರಾಚ ದಾರಿಯುದ್ದಕ್ಕೂ ಮಾದೇಶ್ವರನನ್ನು ನೆನೆದ. ದೇವರು ಕಾಡಂಚಿನ ಏರಿನ ಬುಡದವರೆಗೆ ಕಾಪಾಡಿದ. ಏರಿನ ನಡುವೆ ಬಸ್ಸು ಒಂದು ಸಲ ಮುಲುಗಿ ನಿಂತುಬಿಟ್ಟಿತು.

ಕೆಳಗಿಳಿದು ಚಕ್ರದ ಹಿಂದೆ ಕಲ್ಲು ಇಡುವುದು ಉಸ್ತುವಾರಿಯ ಕೆಲಸ. ರಾಚ ಕಲ್ಲು ಇಟ್ಟು ತಲೆಯೆತ್ತಿದ. ಹಿಂದೆ, ಕೂಗಳತೆಯ ದೂರದಲ್ಲಿ, ಬಿದಿರ ಮೆಳೆ ಅಲ್ಲಾಡುತ್ತಿತ್ತು. ಆಮೇಲೆ ಮೆಳೆಯಿಂದ ಒಂದು ಕಿವಿ ಹೊರಬಂತು. ಆಮೇಲೆ ಉಳಿದ ಆನೆಯೂ ಹೊರಬಂತು. ರಾಚ ಕೈ ತೋರಿಸಿದ ಅಷ್ಟೆ.

ಅಷ್ಟು ಸಾಕಾಯಿತು. ಹನ್ನೆರಡು ಜನ ವೃದ್ಧರು ಬಾಗಿಲಿಂದ ಕೆಲವರು, ಕಿಟಕಿಯಿಂದ ಕೆಲವರು ಕೆಳಗೆ ಹಾರಿದರು. ಕಂಬಳಿಗಳು ಸೀಟಿನಲ್ಲೇ ಉಳಿದವು. ರಾಜಶೇಖರ ಪಂಚೆ ಮೇಲಕ್ಕೆ ಕಟ್ಟಿ, ಬಸ್ಸಿನ ಹಿಂಭಾಗಕ್ಕೆ ಹೆಗಲು ಕೊಟ್ಟು, ಒಂದು ಸಲ ಐಸಾ ಎಂದ. ಬಸ್ಸು ಚಾರ್ಜಿನಲ್ಲಿ ಓಡುವುದಕ್ಕಿಂತ ಜೋರಾಗಿ ಏರು ಹತ್ತಿತು. ಬೆವರಿಗೆ ವಿಭೂತಿ ಕರಗಿ ಹನ್ನೆರಡು ಕಪ್ಪು ತಲೆಗಳು ಬಿಸಿಲಿಗೆ ಮಿರಮಿರ ಮಿಂಚಿದವು. ರಾಚ ಕಲ್ಲು ಎತ್ತಿಕೊಂಡು ಪಕ್ಕದಲ್ಲಿ ಓಡಿದ, ಎಲ್ಲಿ ನಿಂತರೂ ಕಲ್ಲಿಡಬೇಕಲ್ಲ. ಆನೆ ಒಂದು ಬಿದಿರು ಮುರಿದು ಬಾಯಿಗಿಟ್ಟು, ಇವರನ್ನು ನೋಡುತ್ತಾ ನಿಂತಿತ್ತು.

ಏರು ಮುಗಿದ ಮೇಲೆ ತಾಳವಾಡಿಯವರೆಗೆ ಇಳಿಜಾರು, ತಳ್ಳಿದವರೆಲ್ಲ ಮತ್ತೆ ಹತ್ತಿಕೊಂಡರು. ಬಸ್ಸಿನೊಳಗೆ ಮೇಡಂ, ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ನಾಲ್ವರು ಮುದುಕಿಯರು. ಮೇಡಂ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದರು. ಎಲ್ಲ ಮುಗಿಯಿತು ಎಂದುಕೊಂಡ ರಾಚ. ಕೆಲಸ ಹೋಗುವುದಿರಲಿ, ಹದಿಮೂರು ಜನರನ್ನೂ ಸ್ಟೇಷನ್ನಿಗೆ ಕರೆಸುತ್ತಾರೆ. ಅಟ್ಟಣೆಯೇ ಮೇಲು ಅನ್ನಿಸಿತು, ಒಂದು ಗಳಿಗೆ.

ಆಸ್ಪತ್ರೆ ಮುಂದೆ ಇಳಿದು ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದನ್ನು ನೋಡಿಲ್ಲ ಎಂದರು. ಈ ಬೆಟ್ಟದಲ್ಲಿ ಅರವತ್ತು ದಾಟಿದವರು ಬಸ್ಸು ತಳ್ಳಿಕೊಂಡು ಏರು ಹತ್ತುತ್ತಾರೆ. ಪಾಪ, ಐವತ್ತು ದಾಟಿದವರಿಗೆ ನಿಲ್ಲಲೂ ಶಕ್ತಿಯಿಲ್ಲ. ನೀರಿನ ದೋಷವೋ ಏನೋ, ಮೇಲಿನವರಿಗೆ ಬರೆಯುತ್ತೇನೆ. ಇವತ್ತಿನಿಂದ ಈ ಬಸ್ಸು ಇಲ್ಲೇ ಇರುತ್ತದೆ, ಆದರೆ ಸೀಟು ಐವತ್ತರಿಂದ ಅರವತ್ತರ ನಡುವಿನವರಿಗೆ.

ನಾಲ್ವರು ಮುದುಕಿಯರೂ ತಮ್ಮ ಸುಳ್ಳು ವಯಸ್ಸಿನ ಕಾರ್ಡು ಹಿಡಿದು, ತಮ್ಮ ನಿಜವಾದ ಸೀಟಿನಲ್ಲಿ ಹೋಗಿ ಕೂತರು. ರಾಚನಿಗೆ ಖುಷಿ ತಡೆಯಲಾಗಲಿಲ್ಲ. ಅಳು ಬಂತು. ಮೇಡಂ ಕಾಲಿಗೇ ಬೀಳಲು ಹೋದ.

ಮೇಡಂ ಅವನನ್ನು ತಡೆದು ಮಾತು ಮುಂದುವರಿಸಿದರು. ಇಷ್ಟು ಗಟ್ಟಿಯಾದ ಹಿರಿಯರು ಪೆನ್ಶನ್ ನೆಚ್ಚಿಕೊಂಡು ಸುಮ್ಮನೆ ಕೂರಬಾರದು. ಉಸ್ತುವಾರಿ ಕೆಲಸವನ್ನು ಹಿರಿಯರಿಗೇ ಕೊಡಲು ನಿಯಮದಲ್ಲಿ ಅವಕಾಶವಿದೆ. ಎಲ್ಲರಿಗಿಂತ ಚೆನ್ನಾಗಿ ತಳ್ಳಿದವರು ಈ ರಾಜಶೇಖರ್ ಅಯ್ಯಾ, ಕೆಲಸ ಅವರಿಗೆ. ಆಮೇಲೆ ರಾಚನ ಕಡೆ ತಿರುಗಿ ಅವನ ವಯಸ್ಸು ಕೇಳಿದರು. ನಲವತ್ತಾರು ಎಂದ. ಅರವತ್ತನಾಲ್ಕರವರು ತಳ್ಳುವಾಗ ನೀನು ಕಲ್ಲು ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದೆಯಲ್ಲ ಎಂದರು.

ಮೇಡಂ ಜೀಪಿನ ಮೇಲೆ ಒಂದು ಕಾಗದ ಇಟ್ಟರು. ಹೊಸ ಉಸ್ತುವಾರಿಗೆ ಅರವತ್ತನಾಲ್ಕು ವರ್ಷ ಎನ್ನುವುದು ತನಗೆ ಖುದ್ದಾಗಿ ಗೊತ್ತು ಎಂದು ಹಳೆಯ ಉಸ್ತುವಾರಿ ಬರೆದುಕೊಡಬೇಕಂತೆ. ರಾಜಶೇಖರನಿಗೆ ಬೆವರೊಡೆಯಿತು. ಬೇಡ ಎಂದರೆ ಕಾರ್ಡಿನ ವಿಚಾರ ಬರುತ್ತದೆ, ಹೂಂ ಎಂದರೆ ದಿನಾ ಬಸ್ಸು ಒರೆಸಬೇಕು.

"ಸೈನ್ ಆಕ್ಬೇಡ ಕಣ್ಲಾ," ಎಂದು ರಾಚನ ಕಿವಿಯಲ್ಲಿ ಪಿಸುಗುಟ್ಟಿದ.

ರಾಚ ಪೆನ್ನು ಹಿಡಿದು ನಿಂತ. ನಿಜ ಹೇಳಿದರೆ ಕೆಲಸ ಉಳಿಯಬಹುದೇನೋ, ಆದರೆ ಬಸ್ಸು ಉಳಿಯುವುದಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಪುಟ್ಟಮಾದಮ್ಮ ಎರಡೂ ಕಾಲು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕೂತಿದ್ದಳು. ಅವಳನ್ನು ಕೆಳಗಿಳಿಸುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ. ರಾಚ ಸೈನು ಹಾಕಿದ. ಅಂಗಿಯನ್ನೂ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ನಿಂತ.

ಮೇಡಂ ಜೀಪು ಹೋದ ಮೇಲೆ ರಾಜಶೇಖರ ನೀಲಿ ಅಂಗಿಗೆ ಕೈ ತೂರಿಸಿ, ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಹೆಣಗಿದ. ಹೆಣಗಿ ಸೋತು, ಸಿಟ್ಟಿನಿಂದ ಎಲ್ಲರನ್ನೂ ಕೇಳಿದ:

"ಬೆಳಗಿಂದ ಸಂದ ಗಂಟ ನಾನು ಈ ಬಸ್ಸಗ ನಿಂತ್ರ, ರಾತ್ರಿಗ ಒಲ ಕಾಯೋರು ಯಾರ್ರಪ್ಪಾ?"

ಉಳಿದ ಹನ್ನೊಂದು ಜನ ಹಿರಿಯರು ನಿಧಾನವಾಗಿ ತಿರುಗಿ ರಾಚನನ್ನು ನೋಡಿದರು.