ಮೀನಿಗೆ ಊಟ ಹಾಕುತ್ತಿದ್ದ ತಾತ

ಮೂವತ್ತನಾಲ್ಕನೇ ವಯಸ್ಸಿಗೇ ನನಗೆ ಬಿಪಿ ಬಂದದ್ದು ಯಾರಿಂದ ಎಂದು ಕೇಳಿದರೆ ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ: ನಮ್ಮ ತಾತನಿಂದ! ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಪಾಪ, ಉಪ್ಪು ಏನು ತಪ್ಪು ಮಾಡಿತ್ತು? ಕಡಿಮೆ ಮಾಡಬೇಕಾಗಿದ್ದದ್ದು ತಾತನ ಭಾನುವಾರಗಳನ್ನು. ಎಪ್ಪತ್ತಾರು ವರ್ಷದ ಮನುಷ್ಯ ಬೆಳಿಗ್ಗೆ ಆರು ಗಂಟೆಗೆ ಒಂಬತ್ತು ಅಡಿ ಉದ್ದದ ಬಿದಿರು ಕೋಲನ್ನು ಮೊಪೆಡ್ಡಿಗೆ ಕಟ್ಟಿಕೊಂಡು, ಫೋನನ್ನು ಟಿವಿಯ ಮೇಲೆ ಬಿಟ್ಟು, ಮೂಡಲಪಾಳ್ಯದಿಂದ ಹೇರೋಹಳ್ಳಿ ಕಡೆಯ ಕೆರೆಗೆ ಮೀನು ಹಿಡಿಯಲು ಹೊರಟರೆ ಮನೆಯಲ್ಲಿ ಉಳಿದವರ ಗತಿ ಏನು, ನೀವೇ ಹೇಳಿ.

"ಫೋನ್ ತಗೊಂಡು ಹೋಗಿ ತಾತ" ಎಂದರೆ, "ರಿಂಗ್ ಆದ್ರೆ ಮೀನಿಗೆ ಡಿಸ್ಟರ್ಬ್ ಆಗುತ್ತೆ ಕಣೇ" ಎನ್ನುತ್ತಿದ್ದರು.

"ಸೈಲೆಂಟಲ್ಲಿ ಇಟ್ಕೊಳ್ಳಿ."

"ಸೈಲೆಂಟಲ್ಲಿ ಇಟ್ರೆ ನಂಗೆ ಡಿಸ್ಟರ್ಬ್ ಆಗುತ್ತೆ. ಯಾರು ಮಾಡಿದ್ರೋ ಏನೋ ಅಂತ ಅದನ್ನೇ ನೋಡ್ತಾ ಇರ್ತೀನಿ."

ನನ್ನ ಸ್ವಭಾವವೂ ಅಷ್ಟಕ್ಕಷ್ಟೇ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಕೆಲಸ ಮಾಡುವುದು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ. ಯಾರು ಬಚ್ಚಲಲ್ಲಿ ಜಾರಿದರು, ಯಾರ ಮೇಲೆ ತೆಂಗಿನಕಾಯಿ ಬಿತ್ತು, ಯಾರು ನಿಂತಲ್ಲೇ ನಿಂತು ಕಾಲು ಮುರಿದುಕೊಂಡರು ಎಂದು ಬೆಳಗಿನಿಂದ ಸಂಜೆಯವರೆಗೆ ಅರ್ಜಿ ಓದುವುದೇ ನನ್ನ ಕೆಲಸ. ಹತ್ತು ವರ್ಷ ಇದನ್ನೇ ಓದಿದವಳಿಗೆ ಕೆರೆ ಎಂದರೆ ನೀರು ಕಾಣುತ್ತದೆಯೇ? ಪಾಚಿ ಕಾಣುತ್ತದೆ, ಕೆಸರು ಕಾಣುತ್ತದೆ, ಹಾವು ಕಾಣುತ್ತದೆ. ತಾತ ಎಲ್ಲೆಲ್ಲಿ ಹೇಗೆ ಬೀಳಬಹುದು ಎಂದು ನನ್ನ ತಲೆಯಲ್ಲಿ ಒಂದು ದೊಡ್ಡ ಪಟ್ಟಿಯೇ ಇತ್ತು.

ತಾತ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತು ಆಯುಷ್ಯ ಸವೆಸಿದವರು. ನಿವೃತ್ತಿಯಾದ ಮೇಲೂ ಕಿವಿಯಲ್ಲಿ ಆ ಮೆಷಿನ್ ಓಡುತ್ತಲೇ ಇದೆ, ಕೆರೆಯ ಹತ್ತಿರ ಕೂತರೆ ಮಾತ್ರ ಆಫ್ ಆಗುತ್ತದೆ ಎನ್ನುತ್ತಿದ್ದರು. ಇರಲಿ, ಒಪ್ಪೋಣ. ಆದರೆ ಸುಮ್ಮನೆ ಕೂರಲು ಗಾಳ ಯಾಕೆ ಬೇಕು? ಅದರಲ್ಲೂ ಅವರ ಗಾಳಕ್ಕೆ ಎರೆಹುಳು ಆಗುತ್ತಿರಲಿಲ್ಲ. ಹುಳುವನ್ನು ಮುಟ್ಟಲು ಅವರಿಗೆ ಅಸಹ್ಯ! ಶನಿವಾರ ರಾತ್ರಿಯ ಅಡುಗೆಯಲ್ಲಿ ಅಜ್ಜಿ ಒಂದು ರಾಗಿಮುದ್ದೆಯನ್ನು ಹೆಚ್ಚಿಗೆ ಕಟ್ಟಬೇಕಿತ್ತು. ಅದಕ್ಕೆ ಇಂಗು, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ತುಪ್ಪ ಬೆರೆಸಿ ತಾತ ಗೋಲಿ ಗಾತ್ರದ ಉಂಡೆ ಮಾಡಿ ಡಬ್ಬಿಗೆ ತುಂಬುತ್ತಿದ್ದರು.

"ಐವತ್ತೆಂಟು ವರ್ಷದಿಂದ ಮುದ್ದೆ ಮಾಡ್ತಾ ಇದೀನಿ, ನಂಗೆ ಯಾವತ್ತಾದ್ರೂ ತುಪ್ಪ ಹಾಕ್ಕೊಟ್ಟಿದೀರಾ?" ಎಂದು ಅಜ್ಜಿ ಕೇಳುತ್ತಿದ್ದರು.

ಮೀನುಗಳಿಗೆ ಬುದ್ಧಿ ಇತ್ತು. ಗಾಳ ಬಿಟ್ಟು ಮುದ್ದೆ ಮಾತ್ರ ತಿಂದು ಹೋಗುತ್ತಿದ್ದವು. ಕೆರೆಯ ಕಾವಲುಗಾರ ಮೊದಲ ದಿನ ಕೋಲು ಬೀಸಿಕೊಂಡು ಓಡಿ ಬಂದಿದ್ದನಂತೆ. "ತಾತಾ, ಇಲ್ಲಿ ಮೀನು ಹಿಡಿಯಂಗಿಲ್ಲ!" ತಾತ ಖಾಲಿ ಬುಟ್ಟಿ ತೋರಿಸಿ, "ಎಲ್ಲಪ್ಪಾ ಹಿಡಿದಿದೀನಿ?" ಎಂದರಂತೆ. ಅವನು ನಾಲ್ಕು ಭಾನುವಾರ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಿದ. ಆಮೇಲೆ ವಾಕಿಂಗಿಗೆ ಬಂದ ಯಾರೋ ದೂರು ಹೇಳಿದಾಗ ಅವನೇ ವಕಾಲತ್ತು ವಹಿಸಿದ: "ಬಿಡಿ ಸಾರ್, ಅವ್ರು ಮೀನು ಹಿಡಿಯೋರಲ್ಲ, ಮೀನಿಗೆ ಊಟ ಹಾಕೋರು."

ತಾತನ ಗಾಳಕ್ಕೆ ಏನೂ ಸಿಕ್ಕಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. ಒಮ್ಮೆ ಸಿಗ್ನಲ್ಲಿನಲ್ಲಿ ಮೊಪೆಡ್ ನಿಂತಾಗ ಹಿಂದಕ್ಕೆ ಚಾಚಿದ್ದ ಕೋಲು ಪಕ್ಕದ ಆಟೋದೊಳಗೆ ಹೋಗಿ ಅದರ ಗಾಳ ಡ್ರೈವರನ ಖಾಕಿ ಅಂಗಿಗೆ ಸಿಕ್ಕಿಕೊಂಡಿತು. ಹಸಿರು ದೀಪ ಬಂತು, ತಾತ ಹೊರಟರು, ಆ ಪುಣ್ಯಾತ್ಮನೂ ಆಟೋ ಸಮೇತ ಹಿಂದೆಯೇ! "ಯಜಮಾನ್ರೇ, ನಿಲ್ಸಿ! ನಾನ್ ಸಿಕ್ಕಾಕೊಂಡಿದೀನಿ!" ಎಂದು ಅವನು ಕೂಗಿದ್ದು ಅರ್ಧ ರಸ್ತೆಗೆ ಕೇಳಿಸಿತಂತೆ. ತಾತ ಇಳಿದು ಬಂದು, ಗಾಳ ಬಿಡಿಸಿ, "ನಿಧಾನಕ್ಕೆ ಹೋಗಪ್ಪ" ಎಂದು ಅವನಿಗೇ ಬುದ್ಧಿ ಹೇಳಿ ಕಳಿಸಿದರು.

ಬರಿಗೈಯಲ್ಲಿ ಮನೆಗೆ ಬರಲು ಮಾತ್ರ ಅವರಿಗೆ ಮರ್ಯಾದೆ ಪ್ರಶ್ನೆ. ಆದ್ದರಿಂದ ದಾರಿಯಲ್ಲಿ ಮೀನಿನಂಗಡಿಗೆ ಹೋಗಿ, ಒಂದೆರಡನ್ನು ಕೊಂಡು, ಬುಟ್ಟಿಗೆ ಹಾಕಿ, ಮೇಲೆ ಸ್ವಲ್ಪ ಕೆರೆಯ ಹುಲ್ಲು ಮುಚ್ಚಿಕೊಂಡು ಬರುತ್ತಿದ್ದರು. ಅಜ್ಜಿಗೆ ಎಲ್ಲ ಗೊತ್ತು. ಕೆರೆಯ ಮೀನು ತಿನ್ನುವುದಕ್ಕಿಂತ ಇದೇ ವಾಸಿ ಎಂದು ಸುಮ್ಮನೆ ಇದ್ದರು. ಒಂದು ಭಾನುವಾರ ಮಾತ್ರ ಅವರಿಗೂ ತಡೆಯಲಾಗಲಿಲ್ಲ. ತಾತ ಅವಸರದಲ್ಲಿ ಬಂಗಡೆ ತಂದುಬಿಟ್ಟಿದ್ದರು!

"ಏನ್ರೀ, ಇದು ಸಮುದ್ರದ ಮೀನಲ್ವಾ? ಮಂಗಳೂರಿಂದ ಹೇರೋಹಳ್ಳಿಗೆ ಹೆಂಗ್ ಬಂತು?"

ತಾತ ಬುಟ್ಟಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಎಲ್ಲಾ ಊರಿಂದ ಜನ ಬೆಂಗಳೂರಿಗೆ ಬರ್ತಾ ಇಲ್ವೇನೇ? ಹಂಗೇ" ಎಂದು ಸ್ನಾನಕ್ಕೆ ಹೋದರು.

ನಾವು ನಕ್ಕೆವು. ಆದರೆ ಅದೇ ತಿಂಗಳು ಒಂದು ಭಾನುವಾರ ತಾತ ಮೊಣಕಾಲಿನವರೆಗೆ ಒದ್ದೆಯಾಗಿ ಮನೆಗೆ ಬಂದರು. ಏನಾಯಿತು ಎಂದರೆ "ಏನಿಲ್ಲ" ಎಂದರು. ಏನಿಲ್ಲ ಎಂದರೆ ಏನೋ ಇದೆ ಎಂದೇ ಅಲ್ಲವೇ? ಆ ಇಡೀ ವಾರ ಆಫೀಸಿನಲ್ಲಿ ಯಾವ ಅರ್ಜಿ ತೆರೆದರೂ ನನಗೆ ತಾತನ ಒದ್ದೆ ಪ್ಯಾಂಟೇ ಕಾಣುತ್ತಿತ್ತು. ಅವರನ್ನು ತಡೆಯಲು ನನ್ನಿಂದ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಮುಂದಿನ ಭಾನುವಾರ ಅವರ ಮೊಪೆಡ್ ತಿರುವು ದಾಟಿದ ಮೇಲೆ ನಾನೂ ಸ್ಕೂಟರ್ ತೆಗೆದೆ.

ಕೆರೆಯ ದಡದಲ್ಲಿ ಒಂದು ದಪ್ಪ ಹೊಂಗೆ ಮರ. ಅದರ ಹಿಂದೆ ನನ್ನ ಕಾವಲು ಶುರುವಾಯಿತು. ಹತ್ತಲ್ಲ, ಇಪ್ಪತ್ತಲ್ಲ, ಮೂರು ವರ್ಷದ ಭಾನುವಾರಗಳು! ನನಗೆ ಈಜು ಬರುವುದಿಲ್ಲವಾದ್ದರಿಂದ ಒಂದು ಉದ್ದನೆಯ ಹಗ್ಗ ತರುತ್ತಿದ್ದೆ. ಹಗ್ಗ ಸಾಲದೇ ಹೋದರೆ ಎಂದು ಅಣ್ಣನ ಮಗಳ ಈಜುವ ಟ್ಯೂಬನ್ನೂ ಊದಿ ಇಟ್ಟುಕೊಂಡಿದ್ದೆ. ಹಳದಿ ಬಣ್ಣ, ಬಾತುಕೋಳಿಯ ತಲೆ, ಕೆಂಪು ಕೊಕ್ಕು. ಅದನ್ನು ತಬ್ಬಿಕೊಂಡು ಮರದ ಹಿಂದೆ ಕೂತವಳನ್ನು ವಾಕಿಂಗಿನ ಹೆಂಗಸರು ಎರಡು ಸುತ್ತು ನೋಡಿದರು, ಮೂರನೇ ಸುತ್ತಿಗೆ ಒಬ್ಬರು ನಿಂತೇ ಬಿಟ್ಟರು.

"ಏನಮ್ಮಾ, ಮಗು ಎಲ್ಲಿ?"

"ಅಲ್ಲಿದೆ ಆಂಟಿ" ಎಂದು ತಾತನನ್ನು ತೋರಿಸಿದೆ. ಅವರು ಆಮೇಲೆ ಆ ಕಡೆ ವಾಕಿಂಗ್ ಬರುವುದನ್ನೇ ಬಿಟ್ಟರು.

ಇಷ್ಟಾದರೂ ನನ್ನ ಆತಂಕ ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತು! ಏಕೆಂದರೆ ತಾತ ವಾರ ವಾರಕ್ಕೂ ಮುಂದೆ ಮುಂದೆ ಹೋಗುತ್ತಿದ್ದರು. ಮೊದಮೊದಲು ದಡದಲ್ಲಿ ಕೂರುತ್ತಿದ್ದವರು ತಿಂಗಳೊಳಗೆ ನೀರಿನ ಅಂಚಿಗೆ ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯೊಳಕ್ಕೆ ಚಾಚಿಕೊಂಡ ಬಂಡೆಯನ್ನು ಹತ್ತಿದರು. ವರ್ಷ ತುಂಬುವಷ್ಟರಲ್ಲಿ ಬಂಡೆಯ ತುತ್ತತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಮಹಾರಾಜರ ಹಾಗೆ ಕೂತಿರುತ್ತಿದ್ದರು. ಮರದ ಹಿಂದೆ ನನ್ನ ಅಂಗೈ ಬೆವರಿ ಬಾತುಕೋಳಿ ಜಾರುತ್ತಿತ್ತು. ವಯಸ್ಸಾದಂತೆ ಜನರಿಗೆ ಭಯ ಹೆಚ್ಚಾಗುತ್ತದೆ ಎನ್ನುತ್ತಾರೆ, ಇವರಿಗೆ ಯಾಕೆ ಉಲ್ಟಾ?

ಮೂರನೇ ವರ್ಷ ಒಂದು ಭಾನುವಾರ ನನಗೆ ಜೋರು ಜ್ವರ. ಏಳಲು ಆಗಲಿಲ್ಲ. ತಾತನ ಮೊಪೆಡ್ ಶಬ್ದ ದೂರವಾಗುವುದನ್ನು ಹಾಸಿಗೆಯಲ್ಲೇ ಕೇಳಿಸಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡೆ. ಇವತ್ತೇ ಬೀಳುತ್ತಾರೆ, ನಾನಿಲ್ಲದ ದಿನವೇ ಬೀಳುತ್ತಾರೆ ಎಂದು ಗಡಿಯಾರ ನೋಡುತ್ತಾ ಮಲಗಿದ್ದೆ. ಮುಕ್ಕಾಲು ಗಂಟೆಯಲ್ಲೇ ಗೇಟಿನ ಸದ್ದಾಯಿತು.

"ಏನ್ರೀ, ಇಷ್ಟು ಬೇಗ?" ಅಜ್ಜಿಯ ದನಿ.

"ಇವತ್ತು ಮೀನಿಲ್ಲ."

"ಯಾವತ್ತಿತ್ತು?"

ತಾತ ನೇರ ನನ್ನ ಕೋಣೆಗೆ ಬಂದರು. ಹಣೆ ಮುಟ್ಟಿ ನೋಡಿದರು. ಕುರ್ಚಿ ಎಳೆದುಕೊಂಡು ಕೂತು, "ಮುಂದಿನ ಭಾನುವಾರಕ್ಕೆ ವಾಸಿ ಆಗುತ್ತಾ?" ಎಂದರು.

"ಯಾಕೆ ತಾತ?"

"ನಂಗೆ ಈಜು ಬರಲ್ಲ ಕಣೇ."

ನಾನು ಎದ್ದು ಕೂತೆ.

"ನೀರು ಅಂದ್ರೆ ಚಿಕ್ಕಂದಿನಿಂದ ಭಯ. ಮೊದಲೆಲ್ಲಾ ಬೇಲಿ ಪಕ್ಕಾನೇ ನಿಂತು ದಾರ ಎಸೀತಿದ್ದೆ. ನೀನು ಆ ಮರದ ಹಿಂದೆ ಬಂದು ಕೂತ್ಮೇಲೇನೇ ಮುಂದೆ ಹೋಗಿದ್ದು. ಇವತ್ತು ಮರದ ಹತ್ರ ನೋಡ್ದೆ, ನೀನಿರ್ಲಿಲ್ಲ. ಡಬ್ಬಿ ಮುಚ್ಚಳಾನೂ ತೆಗೀದೆ ವಾಪಸ್ ಬಂದ್ಬಿಟ್ಟೆ."

"ಮತ್ತೆ ಅವತ್ತು ಒದ್ದೆಯಾಗಿ ಬಂದ್ರಲ್ಲ?"

"ಅಯ್ಯೋ, ಅದು ಕೆರೆ ನೀರಲ್ಲ! ಹೇರೋಹಳ್ಳಿ ರಸ್ತೆ ಗುಂಡಿ. ನಾಚಿಕೆ ಆಗಿ ಹೇಳಲಿಲ್ಲ."

ಅಂದರೆ ಏನಾಯಿತು ನೋಡಿ! ಯಾವ ಅಪಾಯ ತಪ್ಪಿಸಬೇಕೆಂದು ಮೂರು ವರ್ಷ ಬಾತುಕೋಳಿ ತಬ್ಬಿಕೊಂಡು ಕೂತಿದ್ದೆನೋ, ಆ ಅಪಾಯದ ತುದಿಗೆ ತಾತನನ್ನು ಕಳಿಸಿದವಳು ನಾನೇ. ಸಿಟ್ಟು, ನಗು, ಜ್ವರ ಮೂರೂ ಒಟ್ಟಿಗೆ ಬಂದವು. "ಅಷ್ಟು ಭಯ ಇದ್ರೆ ಮೀನು ಹಿಡಿಯೋಕೆ ಯಾಕೆ ಹೋಗ್ತೀರಾ?" ಎಂದು ಕೂಗಾಡಿದೆ.

"ಇಷ್ಟ ಕಣೇ" ಎಂದರು ತಾತ. "ಭಯಾನೂ ಇದೆ, ಇಷ್ಟಾನೂ ಇದೆ. ಏನ್ ಮಾಡ್ಲಿ?"

ಹೋದ ವರ್ಷ ತಾತನಿಗೆ ಎದೆನೋವು ಬಂತು. ಕೆರೆಯಲ್ಲಲ್ಲ, ಬಂಡೆಯ ಮೇಲಲ್ಲ. ಒಂದು ಬುಧವಾರ ಬೆಳಿಗ್ಗೆ, ನಡುಮನೆಯಲ್ಲಿ, ಕಾಫಿ ಕುಡಿಯುತ್ತಾ ಕೂತಿದ್ದಾಗ. ನನ್ನ ತಲೆಯಲ್ಲಿದ್ದ ಅಷ್ಟು ದೊಡ್ಡ ಪಟ್ಟಿಯಲ್ಲಿ ಅದೊಂದು ಇರಲೇ ಇಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಐಸಿಯುಗೆ ಹಾಕಿದರು. ನರ್ಸ್ ನನಗೆ ಹೊರಗೆ ಹೋಗಿ ಕುರ್ಚಿಯಲ್ಲಿ ಕೂರಲು ಹೇಳಿದರು. ತಾತ ಮುಖದ ಮೇಲಿನ ಮಾಸ್ಕನ್ನು ಸ್ವಲ್ಪ ಸರಿಸಿ, "ಸಿಸ್ಟರ್, ಇವಳು ಆ ಬಾಗಿಲ ಹತ್ರ ನಿಂತ್ಕೊಳ್ಲಿ. ಗಾಜಿಂದ ನಂಗೆ ಕಾಣೋ ಹಂಗೆ" ಎಂದರು.

"ಯಾಕೆ ತಾತ, ಭಯ ಆಗುತ್ತಾ?" ಎಂದರು ನರ್ಸ್.

"ಹೂನಮ್ಮ. ಇವಳಿದ್ರೆ ಧೈರ್ಯ."

ಲಿಫ್ಟಿಗೆ ಹೆದರುವ, ನಾಯಿಗೆ ಹೆದರುವ, ಫೋನ್ ರಿಂಗಾದರೂ ಬೆಚ್ಚಿ ಬೀಳುವ ನನ್ನನ್ನು ನೋಡಿ ಈ ಪ್ರಪಂಚದಲ್ಲಿ ಒಬ್ಬರು ಧೈರ್ಯ ತಂದುಕೊಳ್ಳುತ್ತಿದ್ದರು. ಮಧ್ಯಾಹ್ನದಿಂದ ನಾನು ಆ ಗಾಜಿನ ಮುಂದೆ ನಿಂತೆ. ತಾತ ಆಗಾಗ ಕಣ್ಣು ತೆರೆದು ಬಾಗಿಲ ಕಡೆ ನೋಡಿ ಮತ್ತೆ ಮುಚ್ಚುತ್ತಿದ್ದರು. ನಾನು ಒಂದು ಲೋಟ ನೀರಿಗೂ ಅಲ್ಲಿಂದ ಕದಲಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ತಾತ ಇನ್ನಿಲ್ಲವೆಂದು ಮೆಲ್ಲಗೆ ಹೇಳಿದರು. "ತುಂಬಾ ಹೊತ್ತಿಂದ ನಿಂತಿದೀರ, ಇನ್ನು ಕೂತ್ಕೊಳ್ಳಿಮ್ಮ" ಎಂದರು.

ಕೂತರೆ ಆ ಗಾಜಿನಿಂದ ನಾನು ಕಾಣುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.